ಎತ್ತುವವನನ್ನು ಎತ್ತಿದ್ದು

ಹನ್ನೊಂದು ವರ್ಷದಲ್ಲಿ ಏಳು ತಂಡಗಳ ಅಂಗಿ ತೊಟ್ಟಿದ್ದ ಓರಿನ್ ಟ್ವೀಡ್ ಅಮೆರಿಕನ್ ಫುಟ್‌ಬಾಲ್ ಆಟದಲ್ಲಿ ಒಮ್ಮೆಯೂ ಚೆಂಡು ಹಿಡಿದವನಲ್ಲ. ಎದುರಾಳಿಗಳನ್ನು ಮೈಯೊಡ್ಡಿ ತಡೆಯುವುದು, ತನ್ನವರು ಯಾರಾದರೂ ಚೆಂಡಿನೊಂದಿಗೆ ಗೆರೆ ದಾಟಿದರೆ ಓಡಿಹೋಗಿ ಅವರನ್ನು ಮೇಲಕ್ಕೆತ್ತಿ ಕುಣಿಸುವುದು, ಇಷ್ಟೇ ಅವನ ಪಾಲು.

ಬಫಲೋದಲ್ಲಿ ಹಿಮ ಸುರಿಯುತ್ತಿತ್ತು. ಆಟ ಮುಗಿಯಲು ಒಂಬತ್ತೇ ಸೆಕೆಂಡು, ಗೆರೆಗೆ ಎರಡೇ ಗಜ, ತಂಡ ನಾಲ್ಕು ಅಂಕ ಹಿಂದೆ; ಗೆರೆ ದಾಟಿದರೆ ಆರು ಅಂಕ. ಚೆಂಡೆಸೆಯುವ ಡಾರ್ನೆಲ್ ಓರಿನ್‌ನ ಹೆಲ್ಮೆಟ್ಟಿಗೆ ಗುದ್ದಿದ. "ಅಣ್ಣಾ, ಈ ಸಲ ಚೆಂಡು ನಿಂಗೇ. ಹೋಗಿ ರೆಫರಿಗೆ ಹೇಳು."

ತಡೆಯುವವನು ಚೆಂಡು ಹಿಡಿಯಬೇಕಾದರೆ ಮೊದಲೇ ಹೇಳಬೇಕು. ರೆಫರಿ ಓರಿನ್‌ನ ಅಂಗಿಯ ಸಂಖ್ಯೆಯನ್ನು ಮೈಕಿನಲ್ಲಿ ಸಾರಿದ.

ಎದುರಿನವನು ನಕ್ಕ. "ಬರೀ ಡವ್ ಕಣ್ರೋ! ಈ ಮುದಿ ಗೂಳಿಗೆ ಯಾವನು ಚೆಂಡು ಎಸೀತಾನೆ?"

ಓರಿನ್ ಅವನಿಗೊಂದು ಡಿಕ್ಕಿ ಕೊಟ್ಟು, ಜಾರಿಬಿದ್ದಂತೆ ನಟಿಸಿ, ತಟ್ಟನೆ ಎದ್ದು ಗೆರೆಯಾಚೆ ನುಗ್ಗಿದ. ಚೆಂಡು ಬಂದೇ ಬಂತು! ಹೊಟ್ಟೆಗೆ ಬಡಿದು ಪುಟಿದದ್ದನ್ನು ಎರಡೂ ತೋಳಲ್ಲಿ ಬಾಚಿ ಅಪ್ಪಿಕೊಂಡ. ಅಂಕ ಬಂತೆಂದು ರೆಫರಿಯ ಎರಡು ಕೈಗಳೂ ಮೇಲೆದ್ದವು. ಕ್ರೀಡಾಂಗಣ ಹುಚ್ಚೆದ್ದು ಕೂಗಿತು.

ಓರಿನ್ ಅಭ್ಯಾಸಬಲದಿಂದ ತೋಳು ಚಾಚಿ ಸುತ್ತಲೂ ಹುಡುಕಿದ. "ಎಲ್ರೋ ಅವ್ನು? ಯಾರ್ನ ಎತ್ಬೇಕು?"

"ನಿನ್ನೇ ಕಣೋ, ಎಮ್ಮೆ!" ಅವನ ಜೊತೆ ತಡೆಯುವ ಸಾಲಿನ ನಾಲ್ವರು ದೈತ್ಯರು ಆಗಲೇ ಅವನ ತೊಡೆಗೆ ಕೈ ಹಾಕಿದ್ದರು.

ನೂರೈವತ್ತು ಕಿಲೋ ನೆಲ ಬಿಟ್ಟಿತು. ಕಣ್ಣೀರು ಸುರಿಯುತ್ತಿದ್ದರೂ ಓರಿನ್ ಮೇಲಿನಿಂದ ಬೈಯುತ್ತಲೇ ಇದ್ದ: "ಮಂಡಿ ಬಗ್ಸಿ ಎತ್ರೋ ದಡ್ಡರಾ, ಸೊಂಟ ಹೋಗುತ್ತೆ!"