ನಗುವಿಗೆ ಮುಂಚಿನ ಖಾಲಿ

ಮತ್ತೆ ಅದೇ, ಟೇಪಿನಲ್ಲಿ ನಗು ಏಳುವುದಕ್ಕೆ ಎವೆ ಮುಚ್ಚುವಷ್ಟು ಮುಂಚೆ ಒಂದು ಖಾಲಿ, ಇನ್ನೂರು ಜನರ ಉಸಿರು, ಕುರ್ಚಿಯ ಕಿರಕಿರ, ಯಾರದೋ ಕೆಮ್ಮು ಎಲ್ಲ ಒಟ್ಟಿಗೆ ಕತ್ತರಿಸಿಹೋಗಿ, ಆಮೇಲೆ ಒಮ್ಮೆಲೇ ನಗು — ಮೆಟ್ಟಿಲಿದೆ ಎಂದುಕೊಂಡು ಕಾಲಿಟ್ಟಲ್ಲಿ ಮೆಟ್ಟಿಲಿಲ್ಲದ ಹಾಗೆ. ಇನ್ನೊಂದ್ಸಲ ಹಾಕು ಮೊರೀನ್, ಎಂದ ಡೆರಿಕ್. ಅವನು ನಿರ್ದೇಶಿಸಿದ ಎಲ್ಲ ಹಾಸ್ಯ ಧಾರಾವಾಹಿಗಳಿಗೂ ಧ್ವನಿ ಜೋಡಿಸಿದ ಮೊರೀನ್ ಕನ್ನಡಕದ ಮೇಲಿಂದ ನೋಡಿದಳು, ಬೆಳಗ್ಗೆಯಿಂದ ಇಪ್ಪತ್ತು ವರ್ಷದ ನಗು ಕೇಳಿಸಿದೀನಿ ಮಾರಾಯ, ಅದ್ರಲ್ಲಿ ಅರ್ಧ ಜನ ಸತ್ತೇ ಹೋಗಿರ್ತಾರೆ, ನಿನಗೆ ಯಾರ ನಗು ಬೇಕು ಅಂತ ಬಾಯಿ ಬಿಡಬಾರ್ದಾ. ಹೊಸ ಧಾರಾವಾಹಿಯನ್ನು ಪೂರ್ತಿ ಬೀದಿಯಲ್ಲೇ ತೆಗೆದದ್ದು, ಎದುರಿಗೆ ಪ್ರೇಕ್ಷಕರಿರಲಿಲ್ಲ, ಹಳೆಯ ಟೇಪುಗಳ ನಗುವನ್ನೇ ಅಂಟಿಸಬೇಕು, ಇವನು ಅದಕ್ಕೊಂದು ಬೆಚ್ಚಗಿನ ನಗು ಹುಡುಕುತ್ತಿದ್ದಾನೆ, ಅಷ್ಟೇ ಅವಳಿಗೆ ಗೊತ್ತಿರುವುದು; ಮೂರು ವಾರದ ಹಿಂದೆ ತನ್ನೂರು ನೆಲ್ಸನ್ನಿನ ಗುಡ್ಡದ ಸ್ಮಶಾನದಲ್ಲಿ ಅಮ್ಮನನ್ನು ಮಣ್ಣು ಮಾಡಿ ಬಂದಾಗಿನಿಂದ ಇವನಿಗೆ ಅವಳ ಕೈ ನೆನಪಾಗುತ್ತದೆ, ಹಸಿರು ಕೋಟು ನೆನಪಾಗುತ್ತದೆ, ನಗು ಮಾತ್ರ ಕಿವಿಗೆ ಬರುವುದಿಲ್ಲ, ಬರಲಿ ಎಂದು ಕಣ್ಣು ಮುಚ್ಚಿದರೆ ಕರ್ಚೀಫು ಬರುತ್ತದೆ, ಬಿಳಿ ಕರ್ಚೀಫು, ನೀಲಿ ಅಂಚು.

ಕಿವಿ, ಅಮ್ಮನಿಗೂ ಕಿವಿ ಕೇಳುತ್ತಿರಲಿಲ್ಲವಲ್ಲ, ಹದಿನಾಲ್ಕಕ್ಕೇ ನೇಯ್ಗೆ ಗಿರಣಿ ಸೇರಿದವಳು, ನೂರಾರು ಮಗ್ಗಗಳ ಸದ್ದಿನಲ್ಲಿ ಮುಕ್ಕಾಲು ಕಿವಿ ಅಲ್ಲೇ ಹೋಯಿತು, ಅಲ್ಲಿನ ಹೆಂಗಸರು ಮಾತಾಡುತ್ತಿದ್ದದ್ದು ತುಟಿಯಲ್ಲೇ, ದನಿಯಿಲ್ಲದೆ, ಬಾಯಿ ಅಗಲಿಸಿ, ತುಟಿ ಚೂಪು ಮಾಡಿ, ಬೀದಿಯ ಗುಟ್ಟುಗಳೆಲ್ಲ ಹಾಗೆಯೇ ಈ ಬಾಗಿಲಿಂದ ಆ ಬಾಗಿಲಿಗೆ ದಾಟುತ್ತಿದ್ದವು, ಡೆರಿಕ್ ಅಕ್ಷರಕ್ಕೆ ಮುಂಚೆ ಅದನ್ನು ಕಲಿತ, ಇಗರ್ಜಿಯಲ್ಲಿ ಎಲ್ಲರೂ ತಲೆ ತಗ್ಗಿಸಿರುವಾಗ ಆಚೆ ಸಾಲಿನಿಂದ ಅಮ್ಮನ ತುಟಿ, ಮೂಗು ಒರೆಸ್ಕೊಳೋ. ಶುಕ್ರವಾರ ಶುಕ್ರವಾರ ಪ್ರೇಕ್ಷಕರ ಮುಂದೆ ಚಿತ್ರೀಕರಣ ನಡೆಯುವ ಸ್ಟುಡಿಯೋಗೆ ಬಂದರೂ ಅವಳು ಮಾತು ಕೇಳಿ ನಗುತ್ತಿರಲಿಲ್ಲ, ನಟನ ಮುಖ ನೋಡಿ ನಗುತ್ತಿದ್ದಳು, ಮಾತು ಇನ್ನೂ ಬಾಯಲ್ಲಿರುವಾಗಲೇ, ಎಲ್ಲರಿಗಿಂತ ಮುಂಚೆ, ಎಷ್ಟು ಜೋರು ಅನ್ನುವುದು ತನಗೇ ಕೇಳಿಸದೆ. ಮೊದಲ ಧಾರಾವಾಹಿಯ ಆರನೆಯ ಕಂತು, ಅವನಿಗೆ ಮೂವತ್ತೊಂದು, ಮೇಲಿನ ಕೋಣೆಯಲ್ಲಿ ಕ್ಯಾಮೆರಾಗಳ ಚಿತ್ರ ಬರುವ ಪರದೆಗಳ ಮುಂದೆ ಕೂತು ಹೆಡ್‌ಫೋನಿನಲ್ಲಿ ಅಪ್ಪಣೆ ಕೊಡುವುದು ಹೊಸತು, ಸುತ್ತ ಕೂತವರೆಲ್ಲ ಅವನಿಗಿಂತ ಹಿರಿಯರು, ಅವತ್ತು ಆ ನಗು ಮೂರನೆಯ ಸಲ ನಟನ ಮಾತಿನ ಮೇಲೆ ಬಿತ್ತು, ಹಿಂದಿನಿಂದ ಯಾರೋ ಹಲ್ಲುಕಿರಿದರು — ಮೂರನೇ ಸಾಲು, ಹಸಿರು ಕೋಟು, ಆ ಹೆಂಗಸನ್ನ ಮೈಕಿನ ಕೆಳಗಿಂದ ಎಬ್ಬಿಸು, ಎಂದ. ಕೆಳಗೆ ಪ್ರೇಕ್ಷಕರನ್ನು ನೋಡಿಕೊಳ್ಳುತ್ತಿದ್ದ ರಾಯ್ ತಡೆದು, ಅದು ನಿಮ್ಮಮ್ಮ ಅಲ್ವೇನೋ. ಯಾರಾದ್ರೇನು, ಎಬ್ಬಿಸು. ಪರದೆಯಲ್ಲಿ ಅಮ್ಮ ಎದ್ದಳು, ಚೀಲ ಎತ್ತಿಕೊಂಡಳು, ಮೊಣಕಾಲುಗಳ ನಡುವೆ ದಾರಿ ಕೇಳುತ್ತಾ ಮೆಟ್ಟಿಲು ಹತ್ತಿದಳು, ಕೊನೆಯ ಸಾಲಿಗೆ, ಮೈಕಿಲ್ಲದಲ್ಲಿಗೆ.

ಮನೆಗೆ ಬಿಡುವಾಗ ಕಾರಿನಲ್ಲಿ ಕೇಳಿದಳು, ನನ್ನಿಂದ ತೊಂದ್ರೆ ಆಯ್ತೇನೋ ಮಗಾ. ಅವಳ ಹತ್ತಿರ ಸುಳ್ಳು ಹೇಳಬೇಕಾದರೂ ಮುಖ ಕೊಡಬೇಕು, ಕಾರು ನಿಲ್ಲಿಸಿ, ಒಳಗಿನ ದೀಪ ಹಾಕಿ, ಅವಳ ಕಡೆ ತಿರುಗಿ, ಗಿರಣಿಯ ಹೆಂಗಸರ ಹಾಗೆ ತುಟಿ ಬಿಡಿಸಿ ಬಿಡಿಸಿ ಹೇಳಿದ, ಬೆಂಕಿಗಿಂಕಿ ಬಿದ್ರೆ ಓಡೋಕೆ ದಾರಿ ಬಿಡ್ಬೇಕಂತೆ ಅಮ್ಮಾ, ಅದಕ್ಕೆ. ಮಾತು ಮುಗಿದ ಮೇಲೂ ಅವಳ ಕಣ್ಣು ಅವನ ತುಟಿಯ ಮೇಲೇ ಇತ್ತು. ಅದೂ ಸರೀನೇ ಬಿಡು, ಅಂದಳು. ಮುಂದಿನ ಶುಕ್ರವಾರ ಅವಳೇ ಹೋಗಿ ಕೊನೆಯ ಸಾಲಿನಲ್ಲಿ ಕೂತಳು, ಚೀಲದಿಂದ ಕರ್ಚೀಫು ತೆಗೆದು ಬಾಯಿಗೆ ಒತ್ತಿಕೊಂಡಳು, ಆಮೇಲೆ ಧಾರಾವಾಹಿಯ ಮೇಲೆ ಧಾರಾವಾಹಿ, ಬಾಡಿಗೆ ಮನೆಯವರ ಕಥೆ ಹೋಗಿ ಕ್ಷೌರದಂಗಡಿ ಬಂತು, ಅದು ಹೋಗಿ ಬಸ್ ಡಿಪೋ ಬಂತು, ಒಂದು ಶುಕ್ರವಾರವೂ ತಪ್ಪಿಸಲಿಲ್ಲ, ಕರ್ಚೀಫು, ಮೇಲೆ ಕಣ್ಣು, ಕೆಳಗೆ ಕುಲುಕುವ ಭುಜ. ಹಳೆಯ ನಟ ಲಯನಲ್ ಬಣ್ಣ ಒರೆಸಿಕೊಳ್ಳುತ್ತಾ ಕೇಳಿದ್ದ, ಏನಯ್ಯಾ, ನಿಮ್ಮಮ್ಮ ಬರೋದು ಬಿಟ್ರಾ, ನಾನು ಬಾಯಿ ತೆಗೆಯೋಕೆ ಮುಂಚೆ ಗೆದ್ದೆ ಅಂತ ಗೊತ್ತಾಗ್ತಿದ್ದಿದ್ದು ಆ ಒಂದು ನಗುವಿಂದ. ಕೆಲಸ ಜಾಸ್ತಿ ಅವಳಿಗೆ, ಎಂದಿದ್ದ ಡೆರಿಕ್.

ಮೊದಲ ಧಾರಾವಾಹೀಲಿ ಒಬ್ಬಳು ಮುಂಚೆ ನಗ್ತಿದ್ಲಲ್ಲ, ಎಂದ ಈಗ, ಕೊನೆಗೂ. ಮೊರೀನ್ ಚಹಾ ಕೆಳಗಿಟ್ಟಳು, ಆ ಅವಸರದವಳಾ, ಅವಳನ್ನ ಕತ್ತರಿಸಿದ್ದು ನಾನೇ ಅಲ್ವಾ, ಬ್ಲೇಡಲ್ಲಿ ಟೇಪು ಕೊಯ್ದು, ಆರು ಕಂತೂ, ನೀನು ಬೆನ್ನ ಹಿಂದೆ ನಿಂತು ಇನ್ನೊಂಚೂರು ಇನ್ನೊಂಚೂರು ಅಂತ ಪ್ರಾಣ ತಿಂದಿದ್ದೆ. ಆ ತುಂಡುಗಳು? ಕಸದ ಬುಟ್ಟಿಗೆ, ಇನ್ನೆಲ್ಲಿಗೆ, ಯಾರವಳು. ನಮ್ಮಮ್ಮ. ಮೊರೀನಳ ಕೈ ಯಂತ್ರದ ಗುಂಡಿಗಳ ಮೇಲಿಂದ ಎದ್ದಿತು. ಹಾಗಾದರೆ ಖಾಲಿ ಅಂದರೆ ಅದು, ಬೆಳಗಿನಿಂದ ಕೇಳುತ್ತಿರುವುದು ಅವಳನ್ನೇ, ಅವಳು ಇದ್ದ ಅಳತೆಗೆ ಸರಿಯಾಗಿ ಕೊರೆದ ಜಾಗ. ಮೊರೀನ್ ಕಪಾಟಿನ ಕಡೆ ತಿರುಗಿ ಮೆಲ್ಲಗೆ, ಪ್ರೇಕ್ಷಕರ ಕಡೆಗಿಟ್ಟ ಕ್ಯಾಮೆರಾದ್ದೊಂದು ಟೇಪಿದೆ ಡೆರಿಕ್, ಬಸ್ ಡಿಪೋದ್ದು, ಬರೀ ಚಿತ್ರ, ಸದ್ದಿಲ್ಲ, ಹಾಕ್ಲಾ.

ಸಾಲುಸಾಲು ತಲೆಗಳು, ಎಲ್ಲ ವೇದಿಕೆಯ ಕಡೆಗೆ, ಕೊನೆಯ ಸಾಲಿನ ಮೂಲೆಯಲ್ಲಿ ಒಂದೇ ಮುಖ ಮೇಲಕ್ಕೆ, ನೇರ ಕ್ಯಾಮೆರಾಕ್ಕೆ, ಮಗ ಯಾವ ಕಣ್ಣಿನಿಂದ ನೋಡುತ್ತಾನೆ ಅಂತ ಅವಳಿಗೆ ಗೊತ್ತಿತ್ತು, ಯಾವಾಗಿನಿಂದಲೋ, ಭುಜ ಕುಲುಕುತ್ತಿಲ್ಲ, ಕೆನ್ನೆ ಮಾತ್ರ ಆಡುತ್ತಿದೆ, ಅಗಲ, ಚೂಪು, ಮತ್ತೆ ಅಗಲ, ನಗುವಲ್ಲ ಅದು, ಮಾತು, ಮಗ್ಗದ ಮನೆಯ ಮಾತು, ಮೇಲಿನ ಆ ಕೋಣೆಯಲ್ಲಿ ಅದನ್ನು ಓದಬಲ್ಲವನು ತಾನೊಬ್ಬನೇ, ಅಷ್ಟು ಶುಕ್ರವಾರ ಈ ಮುಖದ ಮುಂದೆ ಕೂತು ಒಮ್ಮೆಯೂ ಓದದವನು ತಾನೇ, ಏನಂತಿದಾರೆ, ಎಂದಳು ಮೊರೀನ್, ಹಿಂದಕ್ಕೆ ಹಾಕು, ಎಂದ, ಅಗಲ, ಚೂಪು, ಕರ್ಚೀಫು ಒಂದಿಷ್ಟು ಜಾರಿದರೆ ಸಾಕು, ಬೆರಳಿನಷ್ಟು, ಹಿಂದಕ್ಕೆ ಹಾಕು, ಮುಖ ಮೇಲಕ್ಕೆ, ಕಣ್ಣು, ಬಿಳಿ ಕರ್ಚೀಫು, ನೀಲಿ ಅಂಚು, ಅದರ ಹಿಂದೆ ತುಟಿ, ಇನ್ನೊಂದ್ಸಲ, ಕರ್ಚೀಫು, ನೀಲಿ ಅಂಚು, ಇನ್ನೊಂದ್ಸಲ, ಕರ್ಚೀಫು