ಕುಂಟು ಸ್ಟೂಲಿನ ಗುರುವಾರ

ನಾನು ಒಂದು ಕಬ್ಬಿಣದ ಸ್ಟೂಲು. ಗದಗಿನ ವೆಲ್ಡಿಂಗ್ ಅಂಗಡಿಯೊಂದರಲ್ಲಿ ಕಿಡಿಗಳ ನಡುವೆ ಹುಟ್ಟಿದೆ. ನನ್ನನ್ನು ಮಾಡಿದ ಮಕ್ತುಮಸಾಬ ಮಾತಿನ ಮಲ್ಲ. ಹರಟೆಯಲ್ಲಿ ಮೈಮರೆತು ನನ್ನ ಒಂದು ಕಾಲನ್ನು ತುಸು ಗಿಡ್ಡ ಕತ್ತರಿಸಿಬಿಟ್ಟ. ಹಾಗಾಗಿ ಕೂತವರು ಸ್ವಲ್ಪ ನಡುಗಿದರೂ ಸಾಕು, ನಾನು ಕಟಕಟ ಎನ್ನುತ್ತೇನೆ.

ಹೊಸದರಲ್ಲೇ ಒಂದು ಆಸ್ಪತ್ರೆ ಸೇರಿದೆ. ನನ್ನ ಪಾಲಿಗೆ ಬಂದದ್ದು ಮನಸ್ಸಿನ ಕಾಯಿಲೆಯ ಡಾಕ್ಟರ ಕೋಣೆ. ಆಗಿದ್ದ ಡಾಕ್ಟರು ಕೆಟ್ಟವರಲ್ಲ, ಆದರೆ ಹೊರಗಿನ ಸಾಲು ಅವರಿಗೆ ಉಸಿರಾಡಲು ಬಿಡುತ್ತಿರಲಿಲ್ಲ. ಒಂದು ದಿನ ಬಾಣಂತಿ ಹೆಣ್ಣುಮಗಳೊಬ್ಬಳು ನನ್ನ ಮೇಲೆ ಕೂತಳು. ಹಿಂದೆ ಅವಳಪ್ಪ ನಿಂತಿದ್ದ.

"ಜೀವಾ ಬ್ಯಾಡ ಅನಸ್ತದೇನವಾ?" ಡಾಕ್ಟರು ಕೇಳಿದರು.

"ಏ, ಹಂಗೇನಿಲ್ರೀ ಸಾಹೇಬ್ರ. ನನ್ನ ಮಗಳು ಗಟ್ಟಿಗಿತ್ತಿ ಅದಾಳ," ಎಂದು ಅಪ್ಪನೇ ಉತ್ತರಿಸಿದ.

ನಮ್ಮ ಕಡೆ ಹೀಗೆಯೇ. ನೋವು ಒಬ್ಬರದು, ಉತ್ತರ ಕೊಡುವವರು ಇನ್ನೊಬ್ಬರು. ಅವಳ ನಡುಕಕ್ಕೆ ನಾನು ಕಟಕಟ ಅಂದೆ. ಸಪ್ಪಳ ಕಿರಿಕಿರಿಯೆಂದು ಜವಾನ ನನ್ನ ಕಾಲಡಿಗೆ ರಟ್ಟು ತುರುಕಿದ. ಮುಂದಿನ ವಾರ ಅವಳು ಬರಲಿಲ್ಲ. ಇನ್ನು ಬರುವುದೇ ಇಲ್ಲ ಎಂದು ನರ್ಸಮ್ಮ ಕಣ್ಣೊರೆಸಿಕೊಂಡರು. ಅಂದು ನನ್ನೊಳಗೆ ಹೊಕ್ಕ ಭಯ ಇಂದಿಗೂ ಹೊರಟಿಲ್ಲ.

ಆಮೇಲೆ ಬಂದವರು ಡಾಕ್ಟರ್ ಶಿವಲೀಲಾ. ಬಂದವರೇ ಆ ರಟ್ಟು ಕಿತ್ತು ಎಸೆದರು. "ಅದೇನ ಹೇಳ್ತದ ಹೇಳ್ಲಿ ಬಿಡ್ರಿ," ಎಂದರು. ನನಗೆ ಹೋದ ಜೀವ ಬಂದಂತಾಯಿತು.

ಒಂದು ಸೋಮವಾರ ಲೆಕ್ಕದ ಮಾಸ್ತರ ಬಸಲಿಂಗಯ್ಯ ಬಂದರು. ಜೊತೆಗೆ ಹೆಂಡತಿ ನೀಲವ್ವ, ತಮ್ಮ ಈರಯ್ಯ. "ನಮ್ಮಣ್ಣಗ ಧೈರ್ಯಾ ಭಾಳ ರೀ," ಎಂದು ತಮ್ಮ ಶುರುಮಾಡಿದ.

"ನೀವಿಬ್ರೂ ಒಂದೀಟು ಹೊರಗ ಕೂಡ್ರಿ," ಎಂದು ಡಾಕ್ಟರು ಬಾಗಿಲು ಹಾಕಿದರು. ಮೇಜಿನಾಚೆಯ ತಮ್ಮ ಕುರ್ಚಿಯನ್ನು ಎಳೆದು ಮಾಸ್ತರ ಪಕ್ಕಕ್ಕೇ ತಂದರು. "ಮಾಸ್ತರ, ಸಾಯಬೇಕು ಅಂತ ವಿಚಾರ ಬಂದದೇನ್ರಿ?"

"ಇಲ್ರೀ."

ನಾನು ಕಟಕಟ ಅಂದೆ. ಡಾಕ್ಟರು ಅವಸರ ಮಾಡಲಿಲ್ಲ, ಪೆನ್ನು ಕೆಳಗಿಟ್ಟರು. "ಬಂದಿದ್ರ ನಾಚಕೊಬ್ಯಾಡ್ರಿ. ಭಾಳ ಮಂದಿಗೆ ಬರ್ತದ. ನಾ ಕೇಳಾಕ ಕುಂತೀನಿ."

ಮಾಸ್ತರು ಮಗುವಿನಂತೆ ಅತ್ತರು. "ದಿನಾ ಬರ್ತದ್ರೀ ಅವ್ವಾರ."

ಎಷ್ಟು ದಿನದಿಂದ, ಏನಾದರೂ ತಯಾರಿ ಆಗಿದೆಯೇ, ಇಲ್ಲಿಯವರೆಗೆ ತಡೆದು ನಿಲ್ಲಿಸಿದ್ದು ಏನು ಎಂದು ಡಾಕ್ಟರು ಒಂದೊಂದಾಗಿ ಕೇಳಿದರು. ದಾಖಲಾಗಲು ಮಾಸ್ತರು ಒಪ್ಪಲಿಲ್ಲ, ಚಿಕಿತ್ಸೆಗೆ ಒಪ್ಪಿದರು. ಅವರ ಒಪ್ಪಿಗೆ ಪಡೆದೇ ಡಾಕ್ಟರು ಮನೆಯವರನ್ನು ಒಳಗೆ ಕರೆದರು. ಅಪಾಯದ ವಸ್ತು ಮನೆಯಲ್ಲಿ ಒಂದೂ ಇರಬಾರದು, ಇವರನ್ನು ಒಬ್ಬರನ್ನೇ ಬಿಡಬಾರದು ಎಂದರು. ಸಂಕಟವಾದರೆ ಯಾರಿಗೆ ಫೋನ್ ಮಾಡಬೇಕೆಂದು ಮಾಸ್ತರ ಕೈಯಲ್ಲೇ ಬರೆಸಿದರು. "ಗುರುವಾರ ಮುಂಜಾನೆ ಹತ್ತಕ್ಕ ಬರ್ರಿ," ಎಂದು ಹೇಳಿ ಕಳಿಸಿದರು.

ಗುರುವಾರ ಹತ್ತಾಯಿತು, ಹನ್ನೊಂದಾಯಿತು. ಮಾಸ್ತರಿಲ್ಲ. ಬಾಗಿಲು ಸರಿದಾಗಲೆಲ್ಲ ಅವರೇ ಬಂದರು ಎಂದುಕೊಳ್ಳುತ್ತಿದ್ದೆ. ಡಾಕ್ಟರು ಫೋನ್ ಹಚ್ಚಿದರು, ಎತ್ತಲಿಲ್ಲ. ಮತ್ತೆ ಹಚ್ಚಿದರು. ಬಾಣಂತಿಯ ಮುಖ ನನ್ನ ಮುಂದೆ ಬಂದು ನಿಂತಿತು.

ನಾಲ್ಕನೆಯ ಸಲಕ್ಕೆ ನೀಲವ್ವನ ದನಿ ಕೇಳಿತು. "ಇವತ್ತ ಅಮಾಸಿ ಅಲ್ರೀ ಅವ್ವಾರ? ಅಮಾಸಿ ದಿನಾ ದವಾಖಾನಿಗೆ ಹ್ಯಾಂಗ ಹೊಂಡೂದು? ನಾಳೆ ಬರ್ತೀವಿ."

"ಮೊದಲ ಮಾಸ್ತರಿಗೆ ಕೊಡ್ರಿ!"

"ಅದೀನ್ರೀ," ಎಂದಿತು ಮಾಸ್ತರ ದನಿ. ನಿಂತೇ ಮಾತಾಡುತ್ತಿದ್ದ ಡಾಕ್ಟರು ಹಾಗೆಯೇ ನನ್ನ ಮೇಲೆ ಕುಸಿದು ಕೂತರು. ಅಂದು ನಾನು ಕಟಕಟ ಅಂದದ್ದು ಅವರ ನಡುಕಕ್ಕೆ. ಮಾಸ್ತರೊಡನೆ ಹದಿನೈದು ನಿಮಿಷ ಮಾತಾಡಿ, ಅಮಾವಾಸ್ಯೆ ಬರೆದಿರುವ ದೊಡ್ಡ ಕ್ಯಾಲೆಂಡರೊಂದನ್ನು ತರಿಸಿ ಮೇಜಿನ ಎದುರಿಗೇ ತೂಗುಹಾಕಿಸಿದರು.

ಈಗ ನನಗೆ ತುಕ್ಕು ಹಿಡಿದಿದೆ. ಕೋಣೆಗೆ ಹೊಸ ಕುರ್ಚಿ ಬಂದು ನಾನು ಹೊರಗಿನ ಮೂಲೆ ಸೇರಿದ್ದೇನೆ. ಮಾಸ್ತರು ತಿಂಗಳಿಗೊಮ್ಮೆ ಬರುತ್ತಾರೆ. ಅವರು ಒಳಗೆ ಹೋದಾಗ ನೀಲವ್ವ ನನ್ನ ಮೇಲೆ ಕೂರುತ್ತಾಳೆ. ಈ ಭಯ ಒಳಗೆ ಕೂತವರದು ಮಾತ್ರ ಎಂದುಕೊಂಡಿದ್ದೆ, ನನ್ನ ದಡ್ಡತನ. ಬಾಗಿಲು ತೆರೆದು ಮಾಸ್ತರು "ನಡೀ, ಚಾ ಕುಡಿಯೂಣು" ಎನ್ನುವ ತನಕ ನಾನೂ ನೀಲವ್ವನೂ ಕಟಕಟ ನಡುಗುತ್ತಲೇ ಇರುತ್ತೇವೆ.