ಹನ್ನೊಂದನೇ ಖೋಲಿಯ ಮಲ್ಲಕ್ಕ

ನಮ್ಮ ಕಾಲೇಜಿನ ಸುದ್ದಿ ಸಂಘಕ್ಕೆ ಹಿರಿಯಣ್ಣನವರೇ ಗುರು. ಮುಂಬೈ ಫೋರ್ಟಿನ ಒಂದು ಕನ್ನಡ ದಿನಪತ್ರಿಕೆಯಲ್ಲಿ ಅವರು ಉಪಸಂಪಾದಕರು. ಅವರ ಸಂಬಳ ಕೇಳಿದ ಮೇಲೆ ನಾನು ಉಪವಾಸ ಸಂಪಾದಕರು ಎನ್ನುತ್ತಿದ್ದೆ. ಶನಿವಾರ ಮಧ್ಯಾಹ್ನ ಮಾಟುಂಗಾದ ಕ್ಯಾಂಟೀನಿನಲ್ಲಿ ಕೂತು ನಮ್ಮ ವರದಿಗಳನ್ನು ಕೊಯ್ಯುತ್ತಿದ್ದರು. ಕಣ್ಣಾರೆ ಕಂಡವರ ಹೆಸರು, ವಯಸ್ಸು, ಮನೆ ನಂಬರು ಮೂರೂ ಇಲ್ಲದ ವರದಿ ಅವರ ಪಾಲಿಗೆ ಬರೀ ಹರಟೆ. ವರ್ಷಕ್ಕೊಬ್ಬ ಸದಸ್ಯನನ್ನು ತಮ್ಮ ಪತ್ರಿಕೆಗೆ ಸೇರಿಸುತ್ತಿದ್ದರು. ೧೯೭೩ರಲ್ಲಿ ಆ ಒಂದು ಕುರ್ಚಿಗೆ ಇಬ್ಬರು: ಬೊರಿವಲಿಯಿಂದ ಬರುತ್ತಿದ್ದ ವಿನೋದಿನಿ, ವಡಾಲದ ನಾನು. ಅವಳ ಬರಹ ನನ್ನದಕ್ಕಿಂತ ಚೆನ್ನಾಗಿತ್ತು. ನನಗಿದ್ದದ್ದು ನಾಲಿಗೆ. ಲೋಕಲ್ ರೈಲಿನ ಟಿಕೆಟ್ ಕಲೆಕ್ಟರ್‌ನಿಂದ ನಮ್ಮ ಪ್ರಿನ್ಸಿಪಾಲರವರೆಗೆ ಯಾರ ದನಿ ಬೇಕಾದರೂ ತೆಗೆಯುತ್ತಿದ್ದೆ.

ಮಾರ್ಚಿನ ಒಂದು ಭಾನುವಾರ ಧಾರಾವಿಯಲ್ಲಿ ಕೊಲೆಯಾಯಿತು. ಅಲ್ಲಿನ ಸಾಲುಮನೆಗಳ ಚಾಳಿನ ನಲ್ಲಿಯನ್ನು ತನ್ನದೆಂದು ಆಳುತ್ತಿದ್ದ ಶೆಟ್ಟೆಪ್ಪ, ಸರದಿ ಬಿಟ್ಟುಕೊಡದ ಸಂಗಪ್ಪ ಎಂಬ ಚರ್ಮದ ಕೆಲಸದವನನ್ನು ಕಬ್ಬಿಣದ ಸಲಾಕಿಯಿಂದ ಹೊಡೆದ. ಬಿದ್ದ ಮೇಲೂ ಹೊಡೆದ. ನಾನು ಹೋದಾಗ ಹೆಣ ಇರಲಿಲ್ಲ. ನಲ್ಲಿಯ ಕಟ್ಟೆಯ ಮೇಲೆ ಒಂದು ಹಲ್ಲು, ಪಕ್ಕದಲ್ಲಿ ಕೂದಲು ಅಂಟಿದ ಕೊಡ. ಪೊಲೀಸರು ಕೇಳಿದರೆ ಇಡೀ ಚಾಳು ಆ ಹೊತ್ತಿಗೆ ಮಲಗಿತ್ತಂತೆ, ಬೆಳಿಗ್ಗೆ ಹತ್ತು ಗಂಟೆಗೆ.

ಹನ್ನೊಂದನೇ ಖೋಲಿಯ ಬಾಗಿಲಲ್ಲಿ ಮಾತ್ರ ಒಬ್ಬ ಹೆಂಗಸು ಅಳುತ್ತ ಕೂತಿದ್ದಳು. ಮಲ್ಲಕ್ಕ ಎಂದು ಹೆಸರು. ವಿಜಾಪುರದ ಕಡೆಯವಳೆಂದು ಅವಳ ಒಂದೇ ಮಾತಿಗೆ ತಿಳಿಯಿತು. ನನ್ನ ಮೈಸೂರು ಕನ್ನಡವನ್ನು ಜೇಬಿಗೆ ತುರುಕಿ ಅವಳ ಕನ್ನಡ ತೆಗೆದೆ.

"ಯಾ ಊರಪಾ ತಮ್ಮಾ?" ಎಂದಳು.

"ಸಿಂದಗಿ ಕಡೀ, ಅವ್ವಾ."

ಸಿಂದಗಿಯನ್ನು ನಾನು ನಕ್ಷೆಯಲ್ಲೂ ನೋಡಿದವನಲ್ಲ. ಊರ ಹುಡುಗ ಬಂದನೆಂದು ಅವಳು ಚಹಾ ಕಾಸಿಕೊಟ್ಟಳು, ಎಲ್ಲವನ್ನೂ ಹೇಳಿದಳು: ಎಷ್ಟು ಪೆಟ್ಟು, ತಲೆಗೆ ಯಾವುದು, ಸಂಗಪ್ಪ ಕೊನೆಗೆ ಯಾರನ್ನು ಕೂಗಿದ. ಪತ್ರಿಕೆಯ ಮಾತನ್ನು ನಾನು ಎತ್ತಲೇ ಇಲ್ಲ.

ಮಂಗಳವಾರ ನನ್ನ ವರದಿ ಮೊದಲ ಪುಟದಲ್ಲಿ ಬಂತು. ಮಲ್ಲಕ್ಕ, ನಲವತ್ತೈದು, ಹನ್ನೊಂದನೇ ಖೋಲಿ. ಹಿರಿಯಣ್ಣ ಒಂದಕ್ಷರವನ್ನೂ ಕೊಯ್ದಿರಲಿಲ್ಲ. ಸೋಮವಾರದಿಂದ ಕೆಲಸಕ್ಕೆ ಬಾ ಎಂದು ಕೈ ಕುಲುಕಿದರು.

ಅಚ್ಚಿನಲ್ಲಿ ತನ್ನ ಹೆಸರು ಕಂಡು ಮಲ್ಲಕ್ಕ ಹಿಗ್ಗುತ್ತಾಳೆ ಎಂದುಕೊಂಡು ಬುಧವಾರ ಬೆಳಿಗ್ಗೆ ಪೇಪರು ಹಿಡಿದು ಹೋದೆ. ಪೊಲೀಸರಲ್ಲಿ ಕನ್ನಡ ಪೇಪರು ಓದುವವರಿರಲಿಲ್ಲ, ಶೆಟ್ಟೆಪ್ಪನಿಗೆ ಓದಿ ಹೇಳುವವರಿದ್ದರು. ಅವನು ಅವಳ ಖೋಲಿಯೊಳಗೆ ಡಬ್ಬಿಯ ಮೇಲೆ ಕೂತಿದ್ದ. ಅವನ ಇಬ್ಬರು ಆಳುಗಳು ಅವಳ ತೋಳು ಹಿಡಿದಿದ್ದರು. ತುಟಿ ಒಡೆದು ರಕ್ತ ಕುಪ್ಪಸಕ್ಕೆ ಇಳಿದಿತ್ತು. ನನ್ನ ಕೈಯ ಪೇಪರು ಕಂಡು ಅವನು ಬಾಗಿಲು ಹಾಕಿಸಿದ.

"ಆ ಪೇಪರವಾಲಾ ನೀನ ಏನು? ಓದು. ಸಾವಕಾಶ ಓದು, ನಂಗ ಅಕ್ಷರ ಬರೂದಿಲ್ಲ."

ಓದಿದೆ. ಹೆದರಿಕೆಗೆ ರೇಡಿಯೋ ವಾರ್ತೆಯ ದನಿ ತಾನಾಗಿ ಬಂತು. ಅವಳ ಹೆಸರು ಬರುವ ಕಡೆ ನನ್ನದನ್ನು ಹಾಕಿ ಓದಿದೆ: ಸೀತಾರಾಮ, ಇಪ್ಪತ್ತೊಂದು, ವಡಾಲ.

ಶೆಟ್ಟೆಪ್ಪ ಮೆಚ್ಚಿಕೊಂಡವನಂತೆ ತಲೆಯಾಡಿಸಿದ. ಹಿಟ್ಟಿನ ಗಿರಣಿಯವನಿಂದ ನಿನ್ನೆಯೇ ಎರಡು ಸಲ ಓದಿಸಿದ್ದನಂತೆ. ಮಲ್ಲಕ್ಕನ ಬಲಗೈಯನ್ನು ರುಬ್ಬುವ ಕಲ್ಲಿನ ಮೇಲೆ ಒತ್ತಿ ಹಿಡಿಸಿ ಸಲಾಕಿ ಇಳಿಸಿದ. ಮತ್ತೊಮ್ಮೆ ಇಳಿಸಿದ. ನಾನು ನುಗ್ಗಿದೆ. ಯಾರದೋ ಮೊಣಕಾಲು ಮುಖಕ್ಕೆ ಬಡಿದು ಮುಂದಿನ ಎರಡು ಹಲ್ಲು ಹೋದವು. ನೆಲಕ್ಕೆ ಬಿದ್ದವನ ಕತ್ತಿನ ಮೇಲೆ ಶೆಟ್ಟೆಪ್ಪ ಚಪ್ಪಲಿ ಕಾಲಿಟ್ಟ.

"ಯಾರೂ ನೋಡಿಲ್ಲಂತ ನಾಳಿ ಪೇಪರದಾಗ ಬರಬೇಕು. ಬರಲಿಲ್ಲಂದ್ರ ಆಕಿ ಎಡಗೈ, ಆಮ್ಯಾಲ ಕುತಗಿ. ಸಮಝಾ?"

ಮಲ್ಲಕ್ಕನನ್ನು ಕೈಗಾಡಿಯ ಮೇಲೆ ಆಸ್ಪತ್ರೆಗೆ ಒಯ್ದೆ. ಅವಳ ಬೆರಳುಗಳು ಒಂದೊಂದೂ ಒಂದೊಂದು ದಿಕ್ಕಿಗೆ ತಿರುಗಿದ್ದವು. ದಾರಿಯಲ್ಲಿ ಒಮ್ಮೆ ಮಾತ್ರ ಕಣ್ಣು ತೆರೆದು ಕೇಳಿದಳು: "ಸಿಂದಗ್ಯಾಗ ನಿಮ್ಮ ಮನಿ ಎಲ್ಲಿ ಬರ್ತೈತಿ, ತಮ್ಮಾ?"

ನಾನು ಸಿಂದಗಿಯವನಲ್ಲ ಎಂದೆ, ನನ್ನದೇ ಕನ್ನಡದಲ್ಲಿ. ಅವಳು ಮುಖವನ್ನು ಆಚೆ ತಿರುಗಿಸಿದಳು.

ಫೋರ್ಟಿನ ಕಚೇರಿಯಲ್ಲಿ ಹಿರಿಯಣ್ಣ ನನ್ನ ಬಾಯಿ ನೋಡಿ ಮೊದಲು ನೀರು ಕೊಟ್ಟರು. ಪೊಲೀಸರಿಗೆ ಹೇಳೋಣ ಎಂದರು. ಅವರು ಬರುವಷ್ಟರಲ್ಲಿ ಎಡಗೈ ಹೋಗಿರುತ್ತದೆ ಎಂದೆ. ಆ ಹೆಂಗಸು ತನ್ನ ಹೇಳಿಕೆ ಹಿಂತೆಗೆದುಕೊಂಡಳೆಂದು ಹಾಕೋಣ ಎಂದರು. ಹಾಗೆ ಹಾಕಿದರೂ ಅವಳು ನೋಡಿದವಳಾಗಿಯೇ ಉಳಿಯುತ್ತಾಳೆ. ಇಡೀ ವರದಿ ನಾನು ಕಟ್ಟಿದ ಕಥೆಯೆಂದೇ ಬರಬೇಕು, ನನ್ನ ಹೆಸರಿನ ಸಮೇತ ಎಂದೆ.

"ಹಂಗೆ ಬಂದ್ರೆ ಈ ಮುಂಬೈನಲ್ಲಿ ಯಾವ ಪೇಪರ್‌ನೋರೂ ನಿನ್ನ ಒಳಗೆ ಬಿಟ್ಕೊಳ್ಳಲ್ಲ ಕಣೋ" ಎಂದರು ಹಿರಿಯಣ್ಣ. ಆಮೇಲೆ ಕೇಳಿದರು, "ಸತ್ತನಲ್ಲ ಸಂಗಪ್ಪ, ಅವನ ಗತಿ?"

ಅವರ ಮೇಜಿನಿಂದ ಒಂದು ಹಾಳೆ ಎಳೆದುಕೊಂಡು ನಾಲ್ಕು ಸಾಲು ಬರೆದೆ: ವರದಿ ಕಲ್ಪಿತ, ಮಲ್ಲಕ್ಕ ಎಂಬುವರು ಏನನ್ನೂ ನೋಡಿಲ್ಲ, ಯಾರಿಗೂ ಏನನ್ನೂ ಹೇಳಿಲ್ಲ, ಅದನ್ನು ಹೆಣೆದ ಸೀತಾರಾಮನಿಗೂ ಪತ್ರಿಕೆಗೂ ಇನ್ನು ಸಂಬಂಧವಿಲ್ಲ. ಹಿರಿಯಣ್ಣ ಎರಡು ಸಲ ಓದಿದರು. ತಿದ್ದದೆ ಅಚ್ಚುಮೊಳೆ ಜೋಡಿಸುವವರ ಕೈಗೆ ಕೊಟ್ಟರು. ಸೋಮವಾರ ವಿನೋದಿನಿಯನ್ನು ಕರೆಸುತ್ತೇನೆ, ಮನೆಗೆ ಹೋಗು ಎಂದರು.

ಆ ನಾಲ್ಕು ಸಾಲಿನ ಪ್ರೂಫ್ ಬರುವ ತನಕ ನಾನು ಅಲ್ಲೇ ನಿಂತಿದ್ದೆ.